ಬೆನ್ನುಹುರಿಯ ಪೆಟ್ಟು ಮತ್ತು ಪುನರ್ವಸತಿ

ಬೆನ್ನುಮೂಳೆ ಮುರಿದೋ ಜಾರಿಯೋ ಅದರೊಳಗಿನ ನರಹುರಿಗೆ ಗಾಯವಾದರೆ, ಅಲ್ಲಿಂದ ಕೆಳಗಿನ ಮೈಯ ಚಲನೆ, ಸ್ಪರ್ಶ, ಮಲಮೂತ್ರದ ಹಿಡಿತ ಎಲ್ಲವೂ ಒಟ್ಟಿಗೆ ತಪ್ಪಬಹುದು. ಹೀಗೆ ಸ್ವಾಧೀನ ಕಳೆದುಕೊಂಡವರು ಮನೆಯಲ್ಲಿ, ಊರಿನಲ್ಲಿ, ದುಡಿಮೆಯಲ್ಲಿ ಮತ್ತೆ ನೆಲೆ ಕಂಡುಕೊಳ್ಳಲು ಬೇಕಾದ ಚಿಕಿತ್ಸೆ, ತರಬೇತಿ, ಸಲಕರಣೆ, ಹಣ, ಹಕ್ಕು ಇವೆಲ್ಲ ಸೇರಿ ಪುನರ್ವಸತಿ ಎನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಗಾಯದೊಂದಿಗೆ ಬದುಕುತ್ತಿದ್ದಾರೆ. ರಸ್ತೆ ಅಪಘಾತ ಮತ್ತು ಎತ್ತರದಿಂದ ಬೀಳುವುದು ಇದಕ್ಕೆ ಮುಖ್ಯ ಕಾರಣಗಳು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ ಕಡೆ ಇವು ದೂರದ ಮಾತಲ್ಲ. ತೆಂಗಿನ ಮರ, ಕಟ್ಟಡದ ಸಾರುವೆ, ಕತ್ತಲಲ್ಲಿ ಬೈಕು, ಎಲ್ಲವೂ ಅಲ್ಲಿನ ದಿನದ ಬದುಕಿನಲ್ಲೇ ಇವೆ.

ಪೆಟ್ಟಿನ ಸ್ವರೂಪ

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪೆಟ್ಟು ಎಷ್ಟು ಮೇಲೆ ಬಿದ್ದಿತೋ ಅಷ್ಟು ಹೆಚ್ಚು ಮೈ ಸ್ವಾಧೀನ ತಪ್ಪುತ್ತದೆ. ಕುತ್ತಿಗೆಯಲ್ಲಾದರೆ ನಾಲ್ಕೂ ಕೈಕಾಲು. ಕುತ್ತಿಗೆಯ ಮೂರರಿಂದ ಐದನೆಯ ನರಗಳು ಉಸಿರೆಳೆಯುವ ಸ್ನಾಯುವಾದ ವಪೆಯನ್ನು ಆಡಿಸುವುದರಿಂದ ಉಸಿರಾಟಕ್ಕೂ ಕುತ್ತು. ಎದೆ ಅಥವಾ ಸೊಂಟದ ಮಟ್ಟದಲ್ಲಾದರೆ ಕೈಗಳು ಉಳಿದು ಕಾಲುಗಳು ಹೋಗುತ್ತವೆ. ಹುರಿ ಪೂರ್ತಿ ಜಖಂ ಆಗಿದೆಯೋ ಭಾಗಶಃ ಆಗಿದೆಯೋ ಎಂಬುದನ್ನು ವೈದ್ಯರು ಎ ಯಿಂದ ಇ ವರೆಗಿನ ಐದು ದರ್ಜೆಗಳಲ್ಲಿ ಗುರುತಿಸುತ್ತಾರೆ. ಮರಳಿ ಬರುವ ಶಕ್ತಿಯಲ್ಲಿ ಬಹುಪಾಲು ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೇ ಬರುತ್ತದೆ.

ಕೈಕಾಲಿನ ನರಕ್ಕೆ ಗಾಯವಾದರೆ ಅದು ನಿಧಾನವಾಗಿ ಬೆಳೆದು ಕೂಡಿಕೊಳ್ಳಬಲ್ಲದು. ಬೆನ್ನುಹುರಿಯ ಎಳೆಗಳಿಗೆ ಆ ಶಕ್ತಿ ಇಲ್ಲವೆಂದೇ ಹೇಳಬೇಕು. ಶಸ್ತ್ರಚಿಕಿತ್ಸೆಯಲ್ಲಿ ತಿರುಪು, ಸರಳು ಹಾಕಿ ಭದ್ರಪಡಿಸುವುದು ಮೂಳೆಯನ್ನು, ಹುರಿಯನ್ನಲ್ಲ. ಮನೆಯವರಿಗೆ ಇದನ್ನು ಆಸ್ಪತ್ರೆಯಲ್ಲೇ, ಅವರ ಮಾತಿನಲ್ಲೇ, ಒಂದಕ್ಕಿಂತ ಹೆಚ್ಚು ಸಲ ಬಿಡಿಸಿ ಹೇಳಬೇಕು. ಹೇಳದೇ ಹೋದಾಗ ನಡೆಯುವುದೊಂದೇ ಗುರಿಯಾಗುತ್ತದೆ. ಪುತ್ತೂರು ಕಟ್ಟು, ನಾಟಿ ಎಣ್ಣೆ, ಹರಕೆ, ದೂರದೂರಿನ ಕಾಂಡಕೋಶ ಚಿಕಿತ್ಸೆಯ ಜಾಹೀರಾತು ಹೀಗೆ ಒಂದರ ಹಿಂದೊಂದು ಬಂದು ಜಮೀನು, ಒಡವೆ ಎರಡೂ ಕರಗುತ್ತವೆ. ಕೈ ಮುರಿತಕ್ಕೆ ಕಟ್ಟು ಹಾಕಿಸಿಕೊಂಡು ಗುಣವಾದವರನ್ನು ಕಂಡ ಊರಿನಲ್ಲಿ ಬೆನ್ನಿಗೂ ಅದೇ ಆಸೆ ಹುಟ್ಟುವುದು ಸಹಜ. ಆದರೆ ಅದಕ್ಕೆ ಖರ್ಚಾಗುವ ತಿಂಗಳುಗಳಲ್ಲೇ ಕಲಿಯಬೇಕಾದ್ದು ಬೇರೆ ಇರುತ್ತದೆ.

ಬಿದ್ದವರನ್ನು ಇಬ್ಬರು ಕಂಕುಳಿಗೂ ಕಾಲಿಗೂ ಕೈಹಾಕಿ ಎತ್ತಿದರೆ, ಆಟೋದಲ್ಲಿ ಮಡಿಸಿ ಕೂರಿಸಿದರೆ, ಉಳಿದಿದ್ದ ಎಳೆಗಳೂ ಹರಿಯಬಹುದು. ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿರುವಂತೆ ಹಿಡಿದು, ನಾಲ್ಕಾರು ಜನ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಹೀಗೆ ಸಾಗಿಸಲು ಕರೆಯಬಹುದಾದ 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾಯಿತು. 2016ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಸತ್ತ ತರುಣ ಹರೀಶ್, ಸಾಯುವ ಗಳಿಗೆಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ನಾಡನ್ನೇ ಕಲಕಿತು. ಆತನ ಹೆಸರಿನಲ್ಲಿ ಅದೇ ವರ್ಷ ಬಂದ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ, 25,000 ರೂಪಾಯಿಯವರೆಗೆ ಉಚಿತ ಚಿಕಿತ್ಸೆ ಕೊಡುವಂಥದ್ದಾಗಿತ್ತು. ಇಂಥ ನೆರವು ಜೀವ ಉಳಿಸುತ್ತದೆ. ಬೆನ್ನುಹುರಿಯ ಪೆಟ್ಟು ತಿಂದವರಿಗೆ 49ನೆಯ ಗಂಟೆಯಿಂದ ಮುಂದಿನ ಮೂವತ್ತು ನಲವತ್ತು ವರ್ಷಗಳದ್ದೇ ದೊಡ್ಡ ಲೆಕ್ಕ.

ಚಿಕಿತ್ಸೆ ಬೆಳೆದ ಬಗೆ

ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಗ್ರಂಥ ಈ ಗಾಯವನ್ನು ಚಿಕಿತ್ಸೆ ಮಾಡಲಾಗದ್ದು ಎಂದು ಬದಿಗಿಟ್ಟಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದವರೆಗೂ ಹೆಚ್ಚಿನ ರೋಗಿಗಳು ಒತ್ತುಹುಣ್ಣಿನ ನಂಜಿನಿಂದಲೋ ಮೂತ್ರಪಿಂಡ ಕೆಟ್ಟೋ ಸಾಯುತ್ತಿದ್ದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ತೆರೆದ ವಿಭಾಗ ಇದನ್ನು ಬದಲಿಸಿತು. ಅಲ್ಲಿ ಹೊಸ ಔಷಧಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಶಿಸ್ತು: ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ಖಾಲಿ ಮಾಡುವುದು, ಬೇಗ ಎಬ್ಬಿಸಿ ಕೂರಿಸುವುದು, ಕೆಲಸಕ್ಕೂ ಆಟಕ್ಕೂ ಹಚ್ಚುವುದು. 1948ರಲ್ಲಿ ಅಲ್ಲಿ 16 ಜನ ಸೇರಿ ಆಡಿದ ಬಿಲ್ಲುಗಾರಿಕೆಯ ಪಂದ್ಯವೇ ಪ್ಯಾರಾಲಿಂಪಿಕ್ಸ್‌ನ ಮೂಲ.

ದಕ್ಷಿಣ ಭಾರತದಲ್ಲಿ ಈ ಕೆಲಸ ಬೇರೂರಿದ್ದು, ತಾನೇ ಆ ಪೆಟ್ಟು ತಿಂದ ವೈದ್ಯೆಯಿಂದ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಆಮೇಲೆ ಕುಳಿತಲ್ಲೇ ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆ ಮಾಡಿದರು, ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತು ಬಂದರು. 1966ರಲ್ಲಿ ಅವರ ಮುಂದಾಳ್ತನದಲ್ಲಿ ವೆಲ್ಲೂರಿನ ಪುನರ್ವಸತಿ ಕೇಂದ್ರ ತೆರೆಯಿತು. ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಹುಟ್ಟಿದ ಆಟದ ಹಾದಿಯೂ ಭಾರತಕ್ಕೆ ಬಂತು: ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಯೋಧ ಮುರಳೀಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಸ್ವಾಧೀನ ಕಳೆದುಕೊಂಡು, 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು.

ಕರ್ನಾಟಕದಲ್ಲಿ ಎನ್.ಎಸ್. ಹೇಮಾ ಮುಂದಾಗಿ 1959ರಲ್ಲಿ ಕಟ್ಟಿದ ಬೆಂಗಳೂರಿನ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ಚಿಕಿತ್ಸೆಯ ಜೊತೆಗೆ ತೋಟಗಾರಿಕೆಯಂಥ ಕಸುಬುಗಳನ್ನೂ ಕಲಿಸುತ್ತ ಬಂದಿದೆ. ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನರ್ವಸತಿಗೇ ಪ್ರತ್ಯೇಕ ವಿಭಾಗವಿದೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ಸೇವಾಭಾರತಿ ಸಂಸ್ಥೆ ನಡೆಸುವ ಸೇವಾಧಾಮ ಬೆನ್ನುಹುರಿಯ ಪೆಟ್ಟು ತಿಂದವರಿಗೇ ಮೀಸಲಾದದ್ದು. ಸಂಸ್ಥೆಯ ಸ್ಥಾಪಕ ಕೆ. ವಿನಾಯಕ ರಾವ್ ಸ್ವತಃ ಗಾಲಿಕುರ್ಚಿ ಬಳಸುವವರು.

ಮೂತ್ರ, ಚರ್ಮ, ಮಲ

ಬೆನ್ನುಹುರಿಯ ಪೆಟ್ಟು ತಿಂದವರ ಆಯುಸ್ಸನ್ನು ನಿರ್ಧರಿಸುವುದು ಕಾಲುಗಳಿಗಿಂತ ಹೆಚ್ಚಾಗಿ ಈ ಮೂರು. ಮೂತ್ರಕೋಶ ತುಂಬಿದ್ದು ಗೊತ್ತಾಗುವುದಿಲ್ಲ, ತಾನಾಗಿ ಪೂರ್ತಿ ಖಾಲಿಯಾಗುವುದೂ ಇಲ್ಲ. ಒಳಗೆ ಒತ್ತಡ ಏರಿದರೆ ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡಕ್ಕೆ ನುಗ್ಗುತ್ತದೆ. ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಸ್ 1972ರಲ್ಲಿ ಪ್ರಕಟಿಸಿದ ವಿಧಾನ ಈ ಭಯವನ್ನು ಬಹುಮಟ್ಟಿಗೆ ತಗ್ಗಿಸಿತು: ಕೈಯನ್ನು ಸೋಪಿನಿಂದ ತೊಳೆದು, ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳು ಕ್ಯಾಥೆಟರ್ ಹಾಕಿ ಮೂತ್ರ ತೆಗೆದು, ಕೂಡಲೇ ಹೊರತೆಗೆದುಬಿಡುವುದು. ಇದನ್ನು ರೋಗಿ ತಾನೇ ಮಾಡಿಕೊಳ್ಳಬಲ್ಲ. ಕೈ ಬಾರದವರಿಗೆ ಮನೆಯವರು ಕಲಿಯಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಖಾಯಂ ಪೈಪು, ಚೀಲ ಹಾಕಿ ಕಳಿಸಿ, ಇದನ್ನು ಕಲಿಸದೇ ಬಿಡುವುದು ದೊಡ್ಡ ಲೋಪವೇ ಸರಿ. ಚೀಲ ಕಟ್ಟಿಕೊಂಡವರು ಮದುವೆ, ಜಾತ್ರೆ, ಸಂತೆಗೆ ಹೋಗಲು ಹಿಂಜರಿಯುತ್ತಾರೆ. ಒದ್ದೆಯಾಗುವ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಅದರಿಂದ ಸೋಂಕು, ಕಲ್ಲು ಹೆಚ್ಚುತ್ತವೆ.

ಚರ್ಮದ ಅಪಾಯ ಇನ್ನೂ ಮೋಸದ್ದು. ಮೂಳೆ ಒತ್ತುವ ಜಾಗಗಳಿಗೆ, ಅಂದರೆ ಬೆನ್ನಿನ ಬುಡದ ತ್ರಿಕ, ಕೂರುವ ಮೂಳೆ, ಹಿಮ್ಮಡಿಗೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ನೋವಿಲ್ಲದ್ದರಿಂದ ಎಚ್ಚರಿಸುವವರೇ ಇಲ್ಲ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು, ಕೂತಿದ್ದಾಗ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತುವುದು, ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಕೆಂಪು ಕಲೆ ನೋಡಿಕೊಳ್ಳುವುದು, ಇಷ್ಟು ನೇಮ ತಪ್ಪಬಾರದು. ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂತು, ಬಿಸಿನೀರಿನ ಹದ ತಿಳಿಯದೆ ಸುಟ್ಟುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದೂ ಉಂಟು. ಮಲವಿಸರ್ಜನೆಗೆ ದಿನಕ್ಕೋ ಎರಡು ದಿನಕ್ಕೋ ಒಂದೇ ಹೊತ್ತು ಗೊತ್ತುಮಾಡಿ, ಊಟ ಅಥವಾ ಬಿಸಿ ಪಾನೀಯದ ನಂತರ ಕೂರಿಸಿ ರೂಢಿ ಮಾಡಿದರೆ ಉಳಿದ ದಿನ ನಿರಾಳ.

ಎದೆಯ ಆರನೆಯ ನರ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯವರು ಒಂದು ತುರ್ತನ್ನು ಗುರುತಿಸಲು ಕಲಿತಿರಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು, ಏರಿದ ರಕ್ತದೊತ್ತಡ ಕಂಡರೆ ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಕಟ್ಟಿಕೊಂಡಿದೆಯೇ, ಮೂತ್ರಕೋಶ ತುಂಬಿದೆಯೇ ನೋಡಬೇಕು. ತಗ್ಗದಿದ್ದರೆ ಆಸ್ಪತ್ರೆಗೆ ಓಡಬೇಕು. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಮನೆ ಮತ್ತು ಮನೆಯವರು

ಗಾಲಿಕುರ್ಚಿಗೆ ಒಂದಡಿ ಎತ್ತರದ ಹೊಸಿಲು ಜಗಲಿ ದಾಟಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಬಾಗಿಲು 90 ಸೆಂಟಿಮೀಟರ್ ಅಗಲವಿರಬೇಕು. ಹಳ್ಳಿಯ ಮನೆಯಲ್ಲಿ ಅಡ್ಡಿಯಾಗುವುದು ಹೆಚ್ಚಾಗಿ ಹಿತ್ತಿಲ ಶೌಚಾಲಯ: ಎರಡು ಮೆಟ್ಟಿಲು, ಕಿರಿದಾದ ಬಾಗಿಲು, ಕುಕ್ಕರುಗಾಲಿನ ಪ್ಯಾನು. ನಡುವೆ ರಂಧ್ರವಿರುವ ಕುರ್ಚಿ, ಹಿಡಿದುಕೊಳ್ಳಲು ಕಬ್ಬಿಣದ ಸರಳು, ಒಂದಷ್ಟು ಸಿಮೆಂಟು ಇದ್ದರೆ ಊರಿನ ಗಾರೆಯವರೇ ಸರಿಪಡಿಸಬಲ್ಲರು. ಗಾಲಿಕುರ್ಚಿ ಅಳತೆಗೆ ತಕ್ಕುದಾಗಿರಬೇಕು, ಅದಕ್ಕೆ ಒತ್ತಡ ಹಂಚುವ ದಿಂಬೂ ಬೇಕು. ಸಮಾರಂಭದಲ್ಲಿ ಎಲ್ಲರಿಗೂ ಒಂದೇ ಅಳತೆಯ ಕುರ್ಚಿ ಹಂಚುವ ಪದ್ಧತಿ ನಿಲ್ಲುವುದು ಒಳ್ಳೆಯದು.

ಆರೈಕೆಯ ಭಾರ ಹೆಂಡತಿ ಅಥವಾ ತಾಯಿಯ ಮೇಲೆ ಬೀಳುತ್ತದೆ, ಅವರ ಕೂಲಿಯೂ ನಿಲ್ಲುತ್ತದೆ. ಪೆಟ್ಟಾದದ್ದು ಹೆಣ್ಣಿಗಾದರೆ ತವರಿಗೆ ಕಳಿಸಿಬಿಡುವುದುಂಟು. ಈ ಪೆಟ್ಟು ತಿಂದ ಹೆಣ್ಣು ಗರ್ಭ ಧರಿಸಬಲ್ಲಳು, ತಾಯಿಯಾಗಬಲ್ಲಳು. ಗಂಡಸರಿಗೂ ವೈದ್ಯರ ನೆರವಿನಿಂದ ದಾಂಪತ್ಯ, ಮಕ್ಕಳು ಎರಡೂ ಸಾಧ್ಯ. ಯಾರೂ ಬಾಯಿಬಿಟ್ಟು ಕೇಳದ ಈ ಪ್ರಶ್ನೆಯನ್ನು ಆಪ್ತಸಮಾಲೋಚಕರೇ ಎತ್ತಬೇಕು.

ದುಡಿಮೆ

ಹೊಲ, ಗಾರೆ, ಲಾರಿ ನಂಬಿದ್ದವರಿಗೆ ಹಳೆಯ ಕೆಲಸ ಮುಚ್ಚಿಹೋಗುತ್ತದೆ. ದೊಡ್ಡಬಳ್ಳಾಪುರ ನೇಕಾರರ ಊರು. ವಿದ್ಯುತ್ ಮಗ್ಗದ ಮುಂದೆ ನಿಂತೇ ಕೆಲಸ ಮಾಡಬೇಕು, ಕಂಡಿಕೆ ಸುತ್ತುವುದನ್ನು ಕೂತು ಮಾಡಬಹುದು. ಹೊಲಿಗೆ, ಮೊಬೈಲ್ ರಿಪೇರಿ, ಪೆಟ್ಟಿಗೆ ಅಂಗಡಿ, ಹಾಲಿನ ಡೇರಿಯ ಲೆಕ್ಕ ಬರೆಯುವುದು ಹಳ್ಳಿಯಲ್ಲೇ ನಡೆಯುವಂಥವು. ಆದರೆ ಕುರ್ಚಿಯಲ್ಲಿ ಕೂತವರಿಗೆಲ್ಲ ಅಂಗಡಿಯೇ ಗತಿ ಎಂದು ಮೊದಲೇ ತೀರ್ಮಾನಿಸುವುದು ಅನ್ಯಾಯ. ಮೊದಲು ಏನು ಬಲ್ಲವರಾಗಿದ್ದರು ಎಂದು ಕೇಳಬೇಕು. ರೇಷ್ಮೆ, ಕುರಿ, ತರಕಾರಿ ಬಲ್ಲವರಿಗೆ ಆ ತಿಳಿವು ಕೈಬಿಟ್ಟುಹೋಗಿರುವುದಿಲ್ಲ. ಪಕ್ಕದ ಚಕ್ರಗಳಿರುವ ಸ್ಕೂಟರ್ ಒಂದಿದ್ದರೆ ಹೋಬಳಿಯಿಂದ ತಾಲ್ಲೂಕಿಗೆ ಹೋಗಿ ಬರಬಹುದು.

ಹಕ್ಕು ಮತ್ತು ನೆರವು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಕೆಲಸದಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎನ್ನುತ್ತದೆ ಅದರ 20ನೆಯ ಕಲಂ. ದಿನಗೂಲಿಯವರಿಗೆ ಈ ರಕ್ಷಣೆ ಇಲ್ಲ, ಪೆಟ್ಟು ಹೆಚ್ಚಾಗಿ ಬೀಳುವುದು ಅವರಿಗೇ. ನೌಕರರ ಪರಿಹಾರದ ಕಾನೂನಿನಂತೆ, ಕೆಲಸದಲ್ಲಿ ಪೆಟ್ಟಾಗಿ ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ ತಿಂಗಳ ಸಂಬಳದ 60 ಶೇಕಡವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ ಪರಿಹಾರ ಕೊಡಬೇಕು. ಕಟ್ಟಡದಿಂದ ಬಿದ್ದ ಗಾರೆ ಕೆಲಸದವರು ಮೇಸ್ತ್ರಿ ಕೊಟ್ಟಷ್ಟು ಪಡೆದು ಸುಮ್ಮನಾಗಬೇಕಿಲ್ಲ. ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಇಲ್ಲಿ ಮುಖ್ಯ: ವೈದ್ಯರು ಬರೆದ ಶೇಕಡ ಒಂದು, ಆ ವ್ಯಕ್ತಿಯ ಕಸುಬಿಗೆ ಆದ ನಷ್ಟ ಇನ್ನೊಂದು. ಎಡಗೈ ಹೋದರೆ ಗುಮಾಸ್ತರ ಕೆಲಸ ಉಳಿಯಬಹುದು, ಚಾಲಕನದೋ ಬಡಗಿಯದೋ ಪೂರ್ತಿ ಹೋಗಬಹುದು.

ಸವಲತ್ತುಗಳಿಗೆ ಬೇಕಾದದ್ದು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು. ಕನಿಷ್ಠ 40 ಶೇಕಡ ವೈಕಲ್ಯ ಪ್ರಮಾಣೀಕರಣವಾಗಿರಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅರ್ಜಿ, ಮಾಸಾಶನ, ಗಾಲಿಕುರ್ಚಿಗೆ ಮೊದಲು ಕಾಣಬೇಕಾದವರು ಅವರೇ. ಪಂಚಾಯಿತಿ ತನ್ನ ಸ್ವಂತ ಆದಾಯದ 5 ಶೇಕಡವನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಹಿತ್ತಿಲ ಶೌಚಾಲಯದ ಇಳಿಜಾರು, ಒತ್ತುಹುಣ್ಣು ತಡೆಯುವ ದಿಂಬು, ವರ್ಷಕ್ಕೊಮ್ಮೆ ಮೂತ್ರಪಿಂಡದ ಸ್ಕ್ಯಾನ್‌ಗೆ ದೊಡ್ಡಬಳ್ಳಾಪುರಕ್ಕೆ ಹೋಗಿಬರುವ ಖರ್ಚು, ಇವನ್ನೆಲ್ಲ ಆ ಹಣದಲ್ಲಿ ಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳಲು ಸಾಸಲಿನವರಿಗೂ ಹಕ್ಕಿದೆ.