ಚಾರಣ ಮತ್ತು ಟೈಮ್‌ಲ್ಯಾಪ್ಸ್: ಹತ್ತು ಸೆಕೆಂಡಿನ ದೃಶ್ಯಕ್ಕೆ ಬೆಟ್ಟದ ಮೇಲೆ ಎಷ್ಟು ಹೊತ್ತು?

ಪಶ್ಚಿಮ ಘಟ್ಟದ ಶೋಲಾ ಕಾಡಿನ ಅಂಚಿನಲ್ಲಿ ನಿಂತು ನೋಡಿದರೆ ಕಣಿವೆಯ ಮಂಜು ಕದಲದೆ ಮಲಗಿರುವಂತೆ ತೋರುತ್ತದೆ. ಅದನ್ನೇ ನಾಲ್ಕು ಸೆಕೆಂಡಿಗೊಮ್ಮೆ ಸೆರೆಹಿಡಿದು, ಆ ಚಿತ್ರಗಳನ್ನು ಒಂದರ ಹಿಂದೊಂದು ವೇಗವಾಗಿ ಓಡಿಸಿದರೆ ಮಂಜು ಹಾಲಿನಂತೆ ಉಕ್ಕಿ, ಗುಡ್ಡದ ನೆತ್ತಿ ದಾಟಿ ಇನ್ನೊಂದು ಮಗ್ಗುಲಿಗೆ ಸುರಿಯುವುದು ಕಾಣುತ್ತದೆ. ಬರಿಗಣ್ಣಿಗೆ ನಿಲುಕದ ಇಂತಹ ಚಲನೆಯನ್ನು ತೋರಿಸುವ ವಿಧಾನವೇ ಟೈಮ್‌ಲ್ಯಾಪ್ಸ್ ಛಾಯಾಗ್ರಹಣ.

ಚಾರಣಿಗರಲ್ಲಿ ಅನೇಕರಿಗೆ ಈ ಹವ್ಯಾಸ ಅಂಟಿಕೊಂಡಿದೆ. ಆದರೆ ಚಾರಣಕ್ಕೆ ನಡಿಗೆ ಮುಖ್ಯ, ಟೈಮ್‌ಲ್ಯಾಪ್ಸ್‌ಗೆ ಒಂದೆಡೆ ಕೂರುವುದು ಮುಖ್ಯ. ಕತ್ತಲಾಗುವ ಮುನ್ನ ಕಾಡಿನಿಂದ ಹೊರಬರಬೇಕಾದವರು ಇವೆರಡಕ್ಕೂ ಹೊತ್ತನ್ನು ಹಂಚಿಕೊಳ್ಳುವುದು ಹೇಗೆ? ಹವ್ಯಾಸದ ಸುಖವೂ ಸುರಕ್ಷತೆಯೂ ಈ ಲೆಕ್ಕವನ್ನೇ ಅವಲಂಬಿಸಿವೆ.

ಹಿನ್ನೆಲೆ

ಈ ತಂತ್ರ ಹೊಸದಲ್ಲ. ಬ್ರಿಟನ್ನಿನ ಪರ್ಸಿ ಸ್ಮಿತ್ ಮೊಗ್ಗು ಅರಳುವ ಪರಿಯನ್ನು 1910ರಲ್ಲಿಯೇ 'ದಿ ಬರ್ತ್ ಆಫ್ ಎ ಫ್ಲವರ್' ಎಂಬ ಕಿರುಚಿತ್ರದಲ್ಲಿ ತೋರಿಸಿದ್ದರು. 1982ರಲ್ಲಿ ತೆರೆಕಂಡ ಗಾಡ್‌ಫ್ರೀ ರೆಜಿಯೊ ನಿರ್ದೇಶನದ 'ಕೊಯಾನಿಸ್‌ಕಾಟ್ಸಿ' ಚಿತ್ರವು ಮೋಡಗಳ ಓಟವನ್ನೂ ನಗರದ ಧಾವಂತವನ್ನೂ ಇದೇ ತಂತ್ರದಿಂದ ಜಗತ್ತಿನ ಮುಂದಿಟ್ಟಿತು. ಅಂದು ಫಿಲ್ಮ್ ಸುರುಳಿಯ ವೆಚ್ಚ ಭರಿಸಬಲ್ಲವರಿಗೆ ಮಾತ್ರ ಸಾಧ್ಯವಾಗಿದ್ದ ಕೆಲಸ, ಡಿಜಿಟಲ್ ಕ್ಯಾಮರಾ ಮತ್ತು ಮೊಬೈಲ್ ಫೋನಿನಿಂದಾಗಿ ಇಂದು ಎಲ್ಲರ ಕೈಗೆಟುಕಿದೆ.

ಸಮಯದ ಲೆಕ್ಕ

ಸೆಕೆಂಡಿಗೆ 25 ಚಿತ್ರಗಳಂತೆ ಓಡಿಸುವುದಾದರೆ 10 ಸೆಕೆಂಡಿನ ದೃಶ್ಯಕ್ಕೆ 250 ಚಿತ್ರಗಳು ಬೇಕು. ಎರಡು ಚಿತ್ರಗಳ ನಡುವಿನ ಅಂತರವನ್ನು ವಿಷಯಕ್ಕೆ ತಕ್ಕಂತೆ ನಿರ್ಧರಿಸಬೇಕು. ಗಾಳಿಗೆ ಓಡುವ ಮೋಡಕ್ಕೆ 2 ಸೆಕೆಂಡಿನ ಅಂತರ ಸಾಕು. ಒಟ್ಟು ಸುಮಾರು 8 ನಿಮಿಷ. ನಿಧಾನವಾಗಿ ಏರುವ ಮಂಜಿಗೆ 4 ಸೆಕೆಂಡಿನಂತೆ ಸುಮಾರು 17 ನಿಮಿಷ. ಬೆಟ್ಟದ ನೆರಳು ಸರಿಯುವುದನ್ನು ತೋರಿಸಲು 15 ಸೆಕೆಂಡಿನ ಅಂತರವಿಟ್ಟರೆ ಒಂದು ಗಂಟೆಗೂ ಮಿಗಿಲಾಗಿ ಕಾಯಬೇಕು. ನಕ್ಷತ್ರಗಳಿಗೆ 30 ಸೆಕೆಂಡಿನಂತೆ ಎರಡು ಗಂಟೆ ದಾಟುತ್ತದೆ. ಚಾರಣದ ಹಾದಿಯಲ್ಲಿ ಯಾವ ದೃಶ್ಯ ಸಾಧ್ಯ, ಯಾವುದು ಅಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಕ್ಯಾಮರಾ ಸಿದ್ಧತೆ

ಹೊಸಬರನ್ನು ಹೆಚ್ಚು ಕಾಡುವ ದೋಷ ದೃಶ್ಯದ ಮಿನುಗಾಟ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಕ್ಯಾಮರಾ ಪ್ರತಿ ಚಿತ್ರಕ್ಕೂ ಬೆಳಕನ್ನು ಹೊಸದಾಗಿ ಅಳೆಯುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಷಟರ್ ವೇಗ, ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಹಾಗೂ ಫೋಕಸ್ ಐದನ್ನೂ ಮೊದಲೇ ಮ್ಯಾನುಯಲ್‌ನಲ್ಲಿ ನಿಗದಿಪಡಿಸಬೇಕು. ಕ್ಯಾಮರಾ ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಕಂಪನ ನಿವಾರಕ ವ್ಯವಸ್ಥೆಯನ್ನು ಆರಿಸಿಡುವುದು ಲೇಸು. ಗಾಳಿಗೆ ಟ್ರೈಪಾಡ್ ಅಲುಗದಂತೆ ಅದರ ನಡುಗಂಬಕ್ಕೆ ಬೆನ್ನಚೀಲವನ್ನೇ ತೂಗುಹಾಕಬಹುದು. ಚಳಿಯಲ್ಲಿ ಬ್ಯಾಟರಿ ಬೇಗ ಬಸವಳಿಯುವುದರಿಂದ ಹೆಚ್ಚುವರಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಲೆನ್ಸಿನ ಮೇಲೆ ಕೂರುವ ಇಬ್ಬನಿ ಒರೆಸಲು ಒಣಬಟ್ಟೆ ಜೊತೆಗಿರಲಿ.

ಕುದುರೆಮುಖದ ಒಂದು ದಿನ

ಉದಾಹರಣೆಗೆ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶಿಖರವನ್ನು ಗಮನಿಸಬಹುದು. ಸುಮಾರು 1,890 ಮೀಟರ್ ಎತ್ತರದ ಈ ಶಿಖರಕ್ಕೆ ಮುಳ್ಳೋಡಿಯಿಂದ ಹೊರಡುವ ಹಾದಿ ಹೋಗಿಬರಲು ಹೆಚ್ಚುಕಡಿಮೆ 20 ಕಿಲೋಮೀಟರ್. ಸಾಮಾನ್ಯ ನಡಿಗೆಯವರಿಗೆ ಎಂಟು ಗಂಟೆಯ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟವರು ಎಲ್ಲಿಯೂ ತಂಗದಿದ್ದರೆ ಮಧ್ಯಾಹ್ನ ಮೂರಕ್ಕೆ ಮರಳಬಹುದು. ಊಟ, ವಿಶ್ರಾಂತಿಗೆ ಒಂದು ಗಂಟೆ ಕಳೆದರೆ ಕ್ಯಾಮರಾಕ್ಕೆ ಉಳಿಯುವುದು ಒಂದು ಗಂಟೆಯಷ್ಟೇ. ಟ್ರೈಪಾಡ್ ಹೂಡುವ ಹೊತ್ತೂ ಸೇರಿ ಎರಡು ದೃಶ್ಯಗಳು ದಕ್ಕುತ್ತವೆ. ಮೂರನೆಯದಕ್ಕೆ ಆಸೆಪಟ್ಟರೆ ಕಾಲಿಗೆ ದಣಿವು ಹೆಚ್ಚಿದ ಹೊತ್ತಿನಲ್ಲೇ ಕೊನೆಯ ಇಳಿಜಾರನ್ನು ಮಬ್ಬುಗತ್ತಲಲ್ಲಿ ಇಳಿಯಬೇಕಾದೀತು.

ಇದು ರಾಷ್ಟ್ರೀಯ ಉದ್ಯಾನವಾದ್ದರಿಂದ ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ಹಾಗಾಗಿ ಶಿಖರದ ಸೂರ್ಯೋದಯ, ನಕ್ಷತ್ರಗಳ ಚಿತ್ರಣ ಚಾರಣಿಗರಿಗೆ ದಕ್ಕುವಂಥವಲ್ಲ. ಅದಕ್ಕೆ ಕೊರಗಬೇಕಿಲ್ಲ. ಸಂಸೆ, ಕಳಸದ ಸುತ್ತಿನ ಹೋಂಸ್ಟೇಗಳ ಅಂಗಳದಿಂದಲೂ ಬೆಟ್ಟದ ಸಾಲಿನ ಮೇಲೆ ತಾರೆಗಳು ಸರಿಯುವುದನ್ನು ಚಿತ್ರಿಸಬಹುದು. ನಕ್ಷತ್ರಗಳು ಗೆರೆಯಂತೆ ಎಳೆದುಕೊಳ್ಳದಿರಲು ಛಾಯಾಗ್ರಾಹಕರು ಒಂದು ಸ್ಥೂಲ ಸೂತ್ರ ಬಳಸುತ್ತಾರೆ: 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಷಟರ್ ತೆರೆದಿಡಬಹುದಾದ ಸೆಕೆಂಡುಗಳು ಸಿಗುತ್ತವೆ. ಫುಲ್ ಫ್ರೇಂ ಕ್ಯಾಮರಾದಲ್ಲಿ 20 ಮಿ.ಮೀ. ಲೆನ್ಸಿಗೆ ಅದು 25 ಸೆಕೆಂಡು. ಸಣ್ಣ ಸೆನ್ಸರಿನ ಕ್ಯಾಮರಾಗಳಿಗೆ ಇನ್ನೂ ಕಡಿಮೆ.

ನಿಯಮ ಮತ್ತು ಎಚ್ಚರ

2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಚಾರಣಿಗರ ನೂಕುನುಗ್ಗಲು ಉಂಟಾದ ಬಳಿಕ ರಾಜ್ಯದ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ಮತ್ತು ದಿನದ ಮಿತಿಯ ವ್ಯವಸ್ಥೆಯತ್ತ ಹೊರಳಿತು. ಹೊರಡುವ ಮುನ್ನ ಹಾದಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಸಂರಕ್ಷಿತ ಅರಣ್ಯದಲ್ಲಿ ಅನುಮತಿ ಇಲ್ಲದೆ ಡ್ರೋನ್ ಹಾರಿಸಕೂಡದು.

ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವೂ ಇದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಬೆಂಕಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಅಸುನೀಗಿದ್ದನ್ನು ಮರೆಯಲಾಗದು. ಒಣಹುಲ್ಲಿನ ಕಾಲದಲ್ಲಿ ಹಾದಿ ಮುಚ್ಚಿದ್ದರೆ ಅದನ್ನು ಅಡ್ಡಿಯೆಂದು ಭಾವಿಸಬಾರದು.

ಒಂದೇ ಕಡೆ ಬಹುಹೊತ್ತು ಕೂರುವ ಛಾಯಾಗ್ರಾಹಕರು ಉಣ್ಣೆಗಳ ಬಗೆಗೂ ಜಾಗ್ರತೆ ವಹಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಕಡಿತದಿಂದ ಹರಡುತ್ತದೆ. ಬೇಸಿಗೆ ಮುಗಿಯುವವರೆಗೂ ಮಲೆನಾಡಿನಲ್ಲಿ ಅದರ ಹಾವಳಿ ಇರುತ್ತದೆ. ತರಗೆಲೆಯ ಮೇಲೆ ಕೂರದೆ ಬಂಡೆಯನ್ನು ಆರಿಸಿಕೊಳ್ಳುವುದು, ಮೈತುಂಬ ಬಟ್ಟೆ ಧರಿಸುವುದು, ಮರಳಿದೊಡನೆ ಮೈ ಪರೀಕ್ಷಿಸಿ ಬಿಸಿನೀರಿನ ಸ್ನಾನ ಮಾಡುವುದು ಒಳಿತು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮೋಡ ಮಸುಕಿದ ದಿನ ಒಂದು ಚಿತ್ರವೂ ಸಿಗದೆ ಮರಳಬೇಕಾಗಬಹುದು. ಆಗಲೂ ಇಳಿಯಲು ಮೊದಲೇ ಗೊತ್ತುಮಾಡಿಕೊಂಡ ಹೊತ್ತನ್ನು ಮುಂದೂಡಬಾರದು. ಬೆಟ್ಟ ಅಲ್ಲಿಯೇ ಇರುತ್ತದೆ. ಮಂಜು ಮತ್ತೊಂದು ಬೆಳಗಿಗೆ ಮತ್ತೆ ಏಳುತ್ತದೆ.