ಮೂರು ಮಾರಿನ ದೋಣಿ

ನನ್ನಜ್ಜ ಸಮುದ್ರದ ಆಳವನ್ನು ಮಾರಿನಲ್ಲೇ ಹೇಳುತ್ತಿದ್ದ. ಎರಡೂ ಕೈ ಅಗಲಕ್ಕೆ ಚಾಚಿ ಹಗ್ಗ ಹಿಡಿದರೆ ಒಂದು ಮಾರು. "ಇಲ್ಲಿ ಐದು ಮಾರು ನೀರು, ಗಾಳ ಬಿಡು" ಅಂದರೆ ಐದೇ ಮಾರು. ಹೊನ್ನಾವರದ ಹತ್ತಿರದ ನಮ್ಮೂರಲ್ಲಿ ಅವನದೊಂದು ಪಾತಿ ದೋಣಿ ಇತ್ತು. ಅದರಲ್ಲಿ ಯಾವ ವಸ್ತು ಎಲ್ಲಿರಬೇಕು ಅನ್ನೋದು ಅವನ ಕೈಗೆ ಗೊತ್ತಿತ್ತು. ಕತ್ತಲಲ್ಲೂ ಹುಡುಕುತ್ತಿರಲಿಲ್ಲ.

ಈ ಮಾರು ನನಗೆ ಮತ್ತೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ, ಸಮುದ್ರದಲ್ಲಿ ಮೀನು ಹಿಡಿಯಲು ಒಂದು ಕಯಾಕ್ ಕೊಳ್ಳೋಣ ಅಂತ ಹೊರಟಾಗ. ಅದಕ್ಕೂ ಮೊದಲು ನಾನು ನೀರಿಗೆ ಬಿದ್ದ ಕಥೆ ಹೇಳಬೇಕು.

ಬಾಡಿಗೆ ಕಯಾಕ್ ತಗೊಂಡು ಒಂದು ಬೆಳಿಗ್ಗೆ ಲಾ ಹೋಯಾ ಶೋರ್ಸ್ ಮರಳ ದಂಡೆಯಿಂದ ಹೊರಟಿದ್ದೆ. ಇಲ್ಲಿನವರು ಮೊದಲು ಸಣ್ಣ ಬಂಗಡೆ ಹಿಡಿದು, ಅದನ್ನೇ ಜೀವಂತ ಗಾಳಕ್ಕೆ ಚುಚ್ಚಿ ಯೆಲ್ಲೋಟೇಲ್ ಎಂಬ ದೊಡ್ಡ ಮೀನಿಗೆ ಬಿಡುತ್ತಾರೆ. ಊರಲ್ಲಿ ನಾವು ಸಾರು ಮಾಡೋ ಮೀನು ಇಲ್ಲಿ ಬರೀ ಎರೆ! ಎರಡು ಬಂಗಡೆ ಸಿಕ್ಕಿದ ಖುಷಿಯಲ್ಲಿ, ಸೀಟಿನ ಹಿಂದೆ ಸಿಕ್ಕಿಸಿದ್ದ ಗಾಳದ ಕೋಲು ತೆಗೆಯಲು ಮೈ ತಿರುಗಿಸಿದೆ. ಅಷ್ಟೇ. ಕಯಾಕ್ ಮಗುಚಿತು. ಕೋಲು ಹೋಯಿತು, ಫೋನು ಹೋಯಿತು. ಮೂರು ಸಲ ಹತ್ತಲು ನೋಡಿದೆ, ಮೂರು ಸಲವೂ ಜಾರಿದೆ. ಮುಚ್ಚಳ ಸರಿಯಾಗಿ ಬಿಗಿಯದ್ದರಿಂದ ಕಯಾಕಿನ ಹೊಟ್ಟೆಗೆ ನೀರು ನುಗ್ಗುತ್ತಿತ್ತು. ಮೈಮೇಲೆ ಇದ್ದದ್ದು ಹತ್ತಿಯ ಅಂಗಿ. ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಅಪರಿಚಿತ ಹುಟ್ಟು ಹಾಕಿಕೊಂಡು ಬಂದು ನನ್ನ ಕಯಾಕನ್ನು ಒತ್ತಿ ಹಿಡಿದ. ಲೈಫ್ ಜಾಕೆಟ್ ಮತ್ತು ಆ ಮನುಷ್ಯ, ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಇದನ್ನು ಬರೆಯುತ್ತಿರಲಿಲ್ಲವೇನೋ.

ರಾತ್ರಿ ಅಪ್ಪನಿಗೆ ಫೋನು ಮಾಡಿ, ನಡೆದದ್ದನ್ನು ಮುಚ್ಚಿಟ್ಟು, "ಒಂದು ದೋಣಿ ತಗೋಬೇಕು ಅಂತಿದ್ದೇನೆ" ಅಂದೆ. ಅಪ್ಪ ಬೆಲೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. "ಮಗುಚಿದ್ರೆ ಮತ್ತೆ ಹತ್ತೂಕೆ ಆಗ್ತದಾ?" ಅಂದರು.

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅದರ ಬೆನ್ನು ಹತ್ತಿ ಹೋದಾಗಲೇ ಕಯಾಕಿನ ಚರಿತ್ರೆ ತೆರೆದುಕೊಂಡದ್ದು.

ಕಯಾಕ್ ಆಟದ ಸಾಮಾನಾಗಿ ಹುಟ್ಟಿದ್ದಲ್ಲ. ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾದ ಹಿಮದ ಕರಾವಳಿಯಲ್ಲಿ ಇನ್ಯೂಟ್ ಮತ್ತು ಅವರ ನೆಂಟ ಜನಗಳು ಸೀಲ್ ಬೇಟೆಗೆಂದು ಕಟ್ಟಿದ ದೋಣಿ ಅದು. 'ಕಯಾಕ್' ಅವರದೇ ಮಾತು. ಅಲ್ಲಿ ಮರ ಬೆಳೆಯುವುದಿಲ್ಲ. ಸಮುದ್ರ ತೇಲಿಸಿ ತಂದ ಮರದ ತುಂಡುಗಳೇ ಗತಿ. ಅವನ್ನು ಮೊಳೆಯಿಲ್ಲದೆ ನರ, ತೊಗಲಿನ ದಾರಗಳಲ್ಲಿ ಕಟ್ಟಿ ಹಂದರ ಮಾಡುತ್ತಿದ್ದರು. ಮೇಲೆ ಸೀಲ್ ಚರ್ಮದ ಹೊದಿಕೆ. ಅದನ್ನು ನೀರು ಸೋರದಂತೆ ಹೊಲಿಯುತ್ತಿದ್ದವರು ಹೆಂಗಸರು. ಒಂದು ಹೊಲಿಗೆ ತಪ್ಪಿದರೆ ಗಂಡ ವಾಪಸ್ ಬರುವುದಿಲ್ಲ, ಆ ಚಳಿಗಾಲ ಒಲೆ ಹೊತ್ತುವುದಿಲ್ಲ.

ಇನ್ನು ಅಳತೆ. ಗ್ರೀನ್‌ಲ್ಯಾಂಡಿನಲ್ಲಿ ರೂಢಿಯಲ್ಲಿದ್ದ ಲೆಕ್ಕ ಹೀಗೆ: ಉದ್ದ ಬೇಟೆಗಾರನ ಮೂರು ಮಾರು. ಅಗಲ ಅವನ ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. ಕೂರುವ ಜಾಗದ ಆಳ ಒಂದು ಮುಷ್ಟಿ, ಮೇಲೆ ನಿಲ್ಲಿಸಿದ ಹೆಬ್ಬೆರಳು. ಓದಿದಾಗ ಮೈ ಜುಮ್ಮೆಂದಿತು. ನನ್ನಜ್ಜನ ಅಳತೆಗೋಲನ್ನೇ ಹಿಮದ ನಾಡಿನವನೂ ಹಿಡಿದಿದ್ದ! ಆ ದೋಣಿಯನ್ನು ಅವನು 'ಆರಿಸುತ್ತಿರಲಿಲ್ಲ', ಅಂಗಿಯ ಹಾಗೆ ತನ್ನ ಮೈಗೆ ಹೊಲಿಸಿಕೊಳ್ಳುತ್ತಿದ್ದ. ಅಣ್ಣನ ಕಯಾಕ್ ತಮ್ಮನಿಗೆ ಸರಿಹೋಗಬೇಕೆಂದಿರಲಿಲ್ಲ.

ಅದರ ಮೇಲೆ ಸಾಮಾನು ಜೋಡಿಸಿದ ರೀತಿ ನೋಡಿ. ಈಟಿಯ ಹಗ್ಗ ಸುರುಳಿ ಸುತ್ತಿಡಲು ಬೇಟೆಗಾರನ ಎದುರಿಗೇ ಒಂದು ಪುಟ್ಟ ಪೀಠ. ಯಾಕೆಂದರೆ ಈಟಿ ನೆಟ್ಟ ಸೀಲ್ ಓಡುವಾಗ ಹಗ್ಗ ಕೈಗೋ ಕತ್ತಿಗೋ ಸಿಕ್ಕಿಕೊಂಡರೆ ಅವನ ಕಥೆ ಮುಗಿಯಿತು. ಆದ್ದರಿಂದ ಹಗ್ಗ ಸದಾ ಕಣ್ಣೆದುರು. ಹಗ್ಗದ ಇನ್ನೊಂದು ತುದಿಗೆ, ಬೆನ್ನ ಹಿಂದೆ, ಗಾಳಿ ತುಂಬಿದ ಇಡೀ ಸೀಲ್ ಚರ್ಮದ ಬುರುಡೆ. ಸೀಲ್ ಎಳೆದಾಡುವುದು ಅದನ್ನು, ದೋಣಿಯನ್ನಲ್ಲ. ಸತ್ತ ಸೀಲ್ ಮುಳುಗದಂತೆ ತಡೆಯುವುದೂ ಅದೇ. ಉಳಿದ ಆಯುಧಗಳೆಲ್ಲ ಮೇಲ್ಭಾಗದ ಚರ್ಮದ ಪಟ್ಟಿಗಳಡಿ ಬಿಗಿಯಾಗಿ. ಬೇಟೆಗಾರ ತೊಡುತ್ತಿದ್ದ ಚರ್ಮದ ಅಂಗಿಯ ಅಂಚನ್ನು ದೋಣಿಯ ಬಾಯಿಗೇ ಬಿಗಿದು ಕಟ್ಟುತ್ತಿದ್ದರು. ಮಗುಚಿದರೂ ಒಳಗೆ ನೀರಿಲ್ಲ. ಹುಟ್ಟಿನಿಂದ, ಹುಟ್ಟು ಕೈತಪ್ಪಿದರೆ ಈಟಿ ಎಸೆಯುವ ಹಲಗೆಯಿಂದ, ಅದೂ ಇಲ್ಲದಿದ್ದರೆ ಬರಿಗೈಯಿಂದ ಉರುಳಿ ಮೇಲೇಳುವ ಪಟ್ಟುಗಳನ್ನು ಚಿಕ್ಕಂದಿನಲ್ಲೇ ಕಲಿಸುತ್ತಿದ್ದರು. ಅಪ್ಪನ ಪ್ರಶ್ನೆಗೆ ಆ ಜನ ದೋಣಿ ಕಟ್ಟುವ ಮೊದಲೇ ಉತ್ತರ ಇಟ್ಟುಕೊಂಡಿದ್ದರು.

ಈ ಜಾಣ್ಮೆ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಮಾತ್ರ ಸಂತೋಷದ ಕಥೆಯಲ್ಲ. 1741ರಲ್ಲಿ ಬೇರಿಂಗನ ರಷ್ಯನ್ ಯಾನ ಅಲಾಸ್ಕಾ ಮುಟ್ಟಿತು. ಸಮುದ್ರ ನೀರುನಾಯಿಯ ತುಪ್ಪಳಕ್ಕೆ ಚೀನಾದಲ್ಲಿ ಚಿನ್ನದ ಬೆಲೆ ಅಂತ ಗೊತ್ತಾದದ್ದೇ ತಡ, ವ್ಯಾಪಾರಿಗಳು ಅಲ್ಯೂಷಿಯನ್ ದ್ವೀಪಗಳಿಗೆ ಮುಗಿಬಿದ್ದರು. ಆದರೆ ಆ ಪ್ರಾಣಿಯನ್ನು ಹಿಡಿಯುವುದು ಅವರಿಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದುದು ಅಲ್ಯೂಟ್ ಜನರಿಗೆ. ಅವರ ಕಯಾಕನ್ನು ರಷ್ಯನ್ನರು 'ಬೈದಾರ್ಕಾ' ಅಂದರು. ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. ರೋಗ, ಹಸಿವು, ಹಿಂಸೆಗಳಲ್ಲಿ ದ್ವೀಪಗಳು ಬರಿದಾದವು. ಅಲ್ಲಿ ನೀರುನಾಯಿ ಕಡಿಮೆಯಾದಂತೆ ಬೇಟೆಗಾರರನ್ನೂ ಅವರ ಬೈದಾರ್ಕಾಗಳನ್ನೂ ಹಡಗಿಗೆ ತುಂಬಿ ದಕ್ಷಿಣಕ್ಕೆ ತಂದರು. 1803ರಲ್ಲಿ ಅಮೆರಿಕದ ಒಬ್ಬ ಕಪ್ತಾನ ರಷ್ಯನ್ನರ ಜೊತೆ ಪಾಲುಗಾರಿಕೆ ಮಾಡಿಕೊಂಡು ಅಂಥ ತಂಡವೊಂದನ್ನು ಬಾಹಾ ಕ್ಯಾಲಿಫೋರ್ನಿಯಾದವರೆಗೂ ತಂದ. 1812ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ಫೋರ್ಟ್ ರಾಸ್ ಕೋಟೆ ಎದ್ದಿತು. ರಷ್ಯನ್ನರು ಅದನ್ನು 1841ರಲ್ಲಿ ಮಾರಿ ಹೊರಡುವ ಹೊತ್ತಿಗೆ ಸುತ್ತಲ ಕರಾವಳಿಯಲ್ಲಿ ನೀರುನಾಯಿ ಕಾಣಸಿಗುವುದೇ ಅಪರೂಪವಾಗಿತ್ತು. 1911ರ ಅಂತಾರಾಷ್ಟ್ರೀಯ ಒಪ್ಪಂದ ಅವುಗಳಿಗೆ ರಕ್ಷಣೆ ಕೊಟ್ಟಿತು. 1938ರಲ್ಲಿ ಬಿಗ್ ಸರ್ ಹತ್ತಿರ ಸುಮಾರು 50 ಪ್ರಾಣಿಗಳ ಒಂದು ಗುಂಪು ಕಂಡಾಗ ಜನ ಬೆರಗಾದರು.

ನಾನು ಭಾನುವಾರದ ಮೋಜಿಗೆ ಹುಟ್ಟು ಹಾಕುವ ಈ ಕರಾವಳಿಯಲ್ಲೇ ಮನೆಯವರನ್ನು ಒತ್ತೆ ಇಟ್ಟು ಬಂದವರು ಹುಟ್ಟು ಹಾಕಿದ್ದರು. ಅದು ಗೊತ್ತಾದ ಮೇಲೆ ಕಯಾಕನ್ನು ಬರೀ ಪ್ಲಾಸ್ಟಿಕ್ ಸಾಮಾನು ಅಂತ ನೋಡಲಾಗಲಿಲ್ಲ.

ಮುಂದಿನ ಕಥೆ ಚಿಕ್ಕದು. 1865ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬಾತ ಕಯಾಕಿನ ಮಾದರಿಯ ಮರದ ದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿ ಪುಸ್ತಕ ಬರೆದ, ಅದು ಶ್ರೀಮಂತರ ಹವ್ಯಾಸವಾಯಿತು. ಜರ್ಮನಿಯಲ್ಲಿ ಮಡಚಿ ರೈಲಿನಲ್ಲಿ ಒಯ್ಯುವ ಬಟ್ಟೆಯ ಕಯಾಕ್ ಬಂತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಅದು ಪಂದ್ಯವೂ ಆಯಿತು. ಆಮೇಲೆ ಫೈಬರ್, ಆಮೇಲೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಟಿಮ್ ನೀಮಿಯರ್ ಎಂಬ ಯುವಕ ಸರ್ಫ್ ಹಲಗೆಯಲ್ಲಿ ಕೂರಲು ಗುಳಿ ಕೊರೆದ. ಒಳಗೆ ತೂರಿ ಕೂರುವ ದೋಣಿ ಹೋಗಿ ಮೇಲೆ ಕೂರುವ ಕಯಾಕ್ ಬಂತು. ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ, ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಇವತ್ತಿನ ಸಮುದ್ರ ಮೀನುಗಾರಿಕೆಯ ಕಯಾಕುಗಳಲ್ಲಿ ಬಹುಪಾಲು ಇದರ ಮಕ್ಕಳು. 1997ರಲ್ಲಿ ಹೋಬಿ ಕಂಪನಿ ಕಾಲಿನಿಂದ ತುಳಿಯುವ ರೆಕ್ಕೆ ಜೋಡಿಸಿತು. ಗಾಳ ಹಿಡಿಯಲು ಎರಡೂ ಕೈ ಖಾಲಿಯಾದವು.

ಲಾಭವಾಯಿತು, ಸರಿ. ಕಳೆದುಹೋದದ್ದು ಮೈಯ ಅಳತೆ. ಅಂಗಡಿಯ ಕಯಾಕ್ ಎಲ್ಲರಿಗೂ ಆಗುವಂಥದ್ದು, ಅಂದರೆ ಯಾರ ಮೈಗೂ ಹೊಲಿದದ್ದಲ್ಲ. ಅದನ್ನು ನಮ್ಮ ಮೈಗೆ ಹೊಲಿದುಕೊಳ್ಳುವ ಕೆಲಸ ನಮ್ಮದೇ.

ಹಾಗಾಗಿ ಎರಡನೇ ಸಲ ಅಂಗಡಿಗೆ ಹೋದಾಗ ಬಣ್ಣ ನೋಡಲಿಲ್ಲ. 10 ಅಡಿಯದು ಕೆರೆಗೆ ಚೆಂದ, ಅಲೆಯಲ್ಲಿ ಅದು ಮುಂದೆ ಹೋಗದು. 16 ಅಡಿಯದು ಓಡುತ್ತದೆ, ಆದರೆ ಅದನ್ನು ಕಾರಿನ ತಲೆಮೇಲೆ ಒಬ್ಬನೇ ಎತ್ತಲಾರೆ. 13 ಅಡಿಗೆ ನಿಂತೆ. ಅಗಲ 30 ಇಂಚು: ಇದಕ್ಕಿಂತ ಅಗಲವಾದರೆ ಕೂತಾಗ ಭದ್ರ, ಆದರೆ ಹುಟ್ಟಿಗೆ ಭಾರ. ನನ್ನ ತೂಕ, ಸಾಮಾನು, ಸಿಗಬಹುದಾದ ಮೀನು ಎಲ್ಲ ಕೂಡಿದರೂ ಅದು ಹೊರುವ ಮಿತಿಗಿಂತ ಸಾಕಷ್ಟು ಕೆಳಗಿರಬೇಕು ಅಂತ ಲೆಕ್ಕ ಹಾಕಿದೆ. ಕೊಳ್ಳುವ ಮುಂಚೆ ನೀರಿನಲ್ಲಿ ಕೂತು ನೋಡಿದೆ. ಕಾಲಿಡುವ ಜಾಗ ನನ್ನ ಕಾಲಿಗೆ ಸಿಗದ ಎರಡನ್ನು ಬಿಟ್ಟೆ.

ಆಮೇಲೆ ಸಜ್ಜು. ಗಾಳದ ಕೋಲು ಎದುರಿಗೆ, ತಿರುಗದೆ ಕೈಗೆಟಕುವಲ್ಲಿ; ಗ್ರೀನ್‌ಲ್ಯಾಂಡಿನವನ ಹಗ್ಗದ ಪೀಠ ಇದ್ದ ಜಾಗವೇ ಅದು. ಹಿಂದಿನ ಎರಡು ಗೂಡುಗಳು ದಡದಿಂದ ಜಾಗಕ್ಕೆ ಒಯ್ಯಲು ಮಾತ್ರ. ಹುಟ್ಟು, ಕೋಲು, ಇಕ್ಕಳ ಎಲ್ಲಕ್ಕೂ ಒಂದೊಂದು ದಾರ; ಕಟ್ಟದ್ದು ಸಮುದ್ರದ್ದು. ಆದರೆ ದಾರ ಹೆಚ್ಚಾದರೆ ಕಾಲಿಗೆ ಸುತ್ತುತ್ತದೆ, ಅದಕ್ಕೇ ಎದೆಯ ಮೇಲೊಂದು ಚಾಕು. ಚರ್ಮದ ಅಂಗಿಯ ಬದಲು ವೆಟ್‌ಸೂಟ್. ಬಟ್ಟೆ ಹಾಕಬೇಕಾದ್ದು ಬಿಸಿಲಿಗಲ್ಲ, ನೀರಿನ ತಣ್ಣಗಿಗೆ. ಲೈಫ್ ಜಾಕೆಟ್ಟಿನಲ್ಲಿ ಸೀಟಿ, ನೀರು ತಡೆಯುವ ವಿಎಚ್‌ಎಫ್ ರೇಡಿಯೊ. ಮೋಟಾರು ದೋಣಿಯವರಿಗೆ ಕಾಣಲು ಎತ್ತರದ ಬಾವುಟ. ಹೊಟ್ಟೆಗೆ ನುಗ್ಗಿದ ನೀರು ತೆಗೆಯಲು ಕೈಪಂಪು. ಮೀನು ಹುಡುಕುವ ಯಂತ್ರ ಕೊನೆಗೆ ಕೊಂಡೆ. ಅದು ಆಳವನ್ನು ಅಡಿಯಲ್ಲಿ ತೋರಿಸುತ್ತದೆ. ನಾನು ಮನಸ್ಸಿನಲ್ಲೇ ಆರರಿಂದ ಭಾಗಿಸಿ ಮಾರಿಗೆ ತಿರುಗಿಸಿಕೊಳ್ಳುತ್ತೇನೆ.

ಎಲ್ಲ ಕಟ್ಟಿದ ಮೇಲೂ ಸಮುದ್ರಕ್ಕೆ ಹೋಗಲಿಲ್ಲ. ಅಲೆಯಿಲ್ಲದ ಮಿಷನ್ ಬೇಗೆ ಒಯ್ದು, ಬೇಕೆಂದೇ ಮಗುಚಿದೆ. ಹೊಟ್ಟೆ ಅಡ್ಡ ಹಾಕಿ, ಕಾಲು ಬಡಿದು, ತಿರುಗಿ ಕೂರುವುದು. ಮೊದಲ ದಿನ ಆರು ಸಲದಲ್ಲಿ ಎರಡು ಸಲ ಹತ್ತಿದೆ. ನಾಲ್ಕನೇ ವಾರಕ್ಕೆ ಆರಕ್ಕೆ ಆರು. ದಡದಲ್ಲಿ ಆಡುತ್ತಿದ್ದ ಮಕ್ಕಳು ಈ ಮನುಷ್ಯನಿಗೆ ಏನೋ ಆಗಿದೆ ಅಂತ ನೋಡುತ್ತಿದ್ದರು. ಗ್ರೀನ್‌ಲ್ಯಾಂಡಿನಲ್ಲಿ 1980ರ ದಶಕದಲ್ಲಿ ಜನ ಸಂಘ ಕಟ್ಟಿಕೊಂಡು ಆ ಹಳೆಯ ಉರುಳುವ ಪಟ್ಟುಗಳನ್ನು ಮತ್ತೆ ಮಕ್ಕಳಿಗೆ ಕಲಿಸತೊಡಗಿದರು ಅಂತ ಓದಿದ್ದು ಆಗ ನೆನಪಾಯಿತು.

ಆ ರಾತ್ರಿ ಅಪ್ಪನಿಗೆ ಫೋನು ಮಾಡಿ ಮೊದಲ ದಿನ ಮುಳುಗಿದ್ದನ್ನೂ ಹೇಳಿದೆ. ಬೈಗುಳಕ್ಕೆ ಕಾದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಈಗ ಹತ್ತೂಕೆ ಆಗ್ತದಾ?"

"ಆಗ್ತದೆ ಅಪ್ಪ."

"ಹಂಗಾದ್ರೆ ಅಡ್ಡಿಲ್ಲ, ಹೋಗು."