ನಿಜವಾದ ಪ್ರಿನ್ಸ್ ಯಾರು?

ಕಳೆದ ಶನಿವಾರ ವಾಶಿ ಸ್ಟೇಷನ್ ಹತ್ರ ಚಹಾ ಕುಡೀತಾ ನಾವು ಮೂವರು ಕನ್ನಡದವ್ರು ಜಗಳಕ್ಕೆ ಬಿದ್ವಿ: ನಿಜವಾದ ‘ಪ್ರಿನ್ಸ್ ಆಫ್ ಪರ್ಷಿಯಾ’ ಯಾವುದು?

ಶಾಲೆಯ ಲ್ಯಾಬಿನಲ್ಲಿ ಡಾಸ್ ಮೇಲೆ ಆಡಿದವನಿಗೆ ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2ಕ್ಕೆ ಬರೆದ ಮೊದಲನೆಯದೇ ಅಸಲಿ. ತಮ್ಮ ಓಡೋದನ್ನ ವಿಡಿಯೋ ಮಾಡಿ, ಅದನ್ನೇ ತಿದ್ದಿ ರಾಜಕುಮಾರನಿಗೆ ನಡಿಗೆ ಕೊಟ್ಟಿದ್ರು. ಇನ್ನೊಬ್ಬನಿಗೆ 2003ರ ‘ಸ್ಯಾಂಡ್ಸ್ ಆಫ್ ಟೈಮ್’. ಮರುವರ್ಷವೇ ‘ವಾರಿಯರ್ ವಿದಿನ್’ ರಕ್ತ, ಮೆಟಲ್ ಸಂಗೀತ ತಂದು ಆ ಪಕ್ಷವನ್ನೂ ಒಡೀತು. 2024ರ ‘ದ ಲಾಸ್ಟ್ ಕ್ರೌನ್’ನಲ್ಲಂತೂ ನಾಯಕ ಸರ್ಗಾನ್ ರಾಜಕುಮಾರನೇ ಅಲ್ಲ!

ನನ್ನ ಪ್ರಕಾರ ಗುರುತು ಇರೋದು ನಾಯಕನ ಮುಖದಲ್ಲಲ್ಲ, ನಮ್ಮ ತಪ್ಪಿಗೆ ಆಟ ಕೊಡೋ ಉತ್ತರದಲ್ಲಿ. 1989ರಲ್ಲಿ ಇದ್ದದ್ದು 60 ನಿಮಿಷ. ಸತ್ತರೆ ಹಂತ ಮತ್ತೆ ಶುರು, ಕಳೆದ ಸಮಯ ವಾಪಸ್ ಇಲ್ಲ. 2003ರಲ್ಲಿ ಕಠಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತೆ, ಅದೂ ಮರಳು ಇರೋ ತನಕ. 2008ರಲ್ಲಿ ಎಲಿಕಾ ಬಿದ್ದವನನ್ನ ಪ್ರತಿ ಸಲ ಎಳೆದುಕೊಳ್ತಾಳೆ.

ಈ ಜಗಳ ನಮ್ಮ ಪಕ್ಕಕ್ಕೂ ಬಂದಿತ್ತು. 2020ರಲ್ಲಿ ಘೋಷಣೆಯಾದ ‘ಸ್ಯಾಂಡ್ಸ್ ಆಫ್ ಟೈಮ್’ ರೀಮೇಕ್ ಕೆಲಸ ಯೂಬಿಸಾಫ್ಟ್‌ನ ಪುಣೆ, ಮುಂಬೈ ತಂಡಗಳದ್ದು. ಟ್ರೇಲರ್‌ನ ಗ್ರಾಫಿಕ್ಸ್ ನೋಡಿ ಅಭಿಮಾನಿಗಳು ಸಿಡಿದೆದ್ರು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯ್ತು. ಕಾಲ ತಿರುಗಿಸೋ ಆಟ ಕಟ್ಟಿದವರಿಗೇ ಆ ಕಠಾರಿ ಸಿಗಲಿಲ್ಲ.

ರಿಲೀಸ್ ರಾತ್ರಿ ಆಫೀಸಲ್ಲಿ ಕಳೆದಿರೋ ನಮಗೆ ಆ ನೋವು ಗೊತ್ತು. ಹಾಗಾಗಿ ಅಸಲಿ-ನಕಲಿ ಅಂತ ತೀರ್ಪು ಕೊಡೋ ಮುಂಚೆ, ಕೋಡ್ ಬರೆದವರನ್ನೂ ಒಮ್ಮೆ ನೆನೆಸಿಕೊಳ್ಳೋಣ. ಸಿಗೋಣ.